ಅಪ್ಪನೂ ಒಪ್ಪುವಂಥ ಪ್ರಬಂಧ: ಶಾಲಾ ಮಕ್ಕಳು ವಾದ ಕಟ್ಟುವುದು ಹೇಗೆ?

ಕಬ್ಬು ಕಡಿಯುವ ದಿನಗಳಲ್ಲಿ ಮಧ್ಯಾಹ್ನದ ಮೇಲೆ ನಮ್ಮ ಶಾಲೆಯ ಕಿಟಕಿ ಮುಚ್ಚಬೇಕಾಗುತ್ತದೆ. ಮಂಡ್ಯದ ಸುತ್ತ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಓದಿದವರಿಗೂ ಓದಿಸಿದವರಿಗೂ ಇದು ಗೊತ್ತು. ಕಡಿದ ಗದ್ದೆಯಲ್ಲಿ ಉಳಿದ ತರಗಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಯಾರೋ ಬೆಂಕಿ ಕೊಟ್ಟಿರುತ್ತಾರೆ. ಕರಿ ಬೂದಿಯ ಎಳೆಗಳು ಗಾಳಿಯಲ್ಲಿ ತೇಲಿಬಂದು ನೋಟ್‌ಬುಕ್ಕಿನ ಮೇಲೆ ಕೂರುತ್ತವೆ. ಮಗು ಅದನ್ನು ಬೆರಳಿನಿಂದ ಒರೆಸಲು ಹೋದರೆ ಬರೆದ ಸಾಲಿನ ಮೇಲೆಲ್ಲ ಮಸಿ ಹರಡುತ್ತದೆ.

ಅಂಥದೇ ಒಂದು ಮಧ್ಯಾಹ್ನ ಒಂಬತ್ತನೇ ತರಗತಿಗೆ ಪ್ರಬಂಧ ಕೊಟ್ಟೆ: "ಕಬ್ಬಿನ ತರಗನ್ನು ಗದ್ದೆಯಲ್ಲೇ ಸುಡಬಹುದೇ?" ಬಂದ ಪ್ರಬಂಧಗಳಲ್ಲಿ ಹೆಚ್ಚಿನವು "ಪರಿಸರ ಎಂದರೆ ನಮ್ಮ ಸುತ್ತಮುತ್ತಲಿನ ಗಾಳಿ, ನೀರು, ಮಣ್ಣು" ಎಂದು ಶುರುವಾಗಿ, ವಾಯುಮಾಲಿನ್ಯದ ದುಷ್ಪರಿಣಾಮಗಳನ್ನು ಪಟ್ಟಿಮಾಡಿ, "ಆದ್ದರಿಂದ ನಾವೆಲ್ಲರೂ ಪರಿಸರವನ್ನು ಕಾಪಾಡಬೇಕು" ಎಂದು ಮುಗಿದಿದ್ದವು. ಬರೆದದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ಅವನ್ನು ಓದಿ ಒಬ್ಬ ರೈತನೂ ಕೈಯಲ್ಲಿದ್ದ ಬೆಂಕಿಪೊಟ್ಟಣ ಕೆಳಗಿಡುತ್ತಿರಲಿಲ್ಲ. ಮಕ್ಕಳ ತಪ್ಪಲ್ಲ ಅದು. ವಿಷಯ ವಿವರಿಸುವ ಪ್ರಬಂಧವನ್ನು ನಾವು ಚೆನ್ನಾಗಿ ಕಲಿಸುತ್ತೇವೆ. ಎದುರಿನವರ ಮನಸ್ಸು ಬದಲಿಸುವ ಪ್ರಬಂಧ ಬೇರೆಯೇ ಕೆಲಸ, ಅದನ್ನು ಹೆಚ್ಚಾಗಿ ಕಲಿಸುವುದೇ ಇಲ್ಲ.

ಆ ತರಗತಿಯ ಒಬ್ಬ ಹುಡುಗಿ ಅದೇ ವಿಷಯವನ್ನು ಮೂರು ಸಲ ತಿರುಗಿ ಬರೆದಳು. ಅವಳ ಪ್ರಬಂಧ ಬೆಳೆದ ಹಾದಿಯನ್ನೇ ಇಟ್ಟುಕೊಂಡು ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ. ನಿಮ್ಮ ವಿಷಯ ಬೇರೆ ಇರಬಹುದು, ಕೆಲಸದ ಕ್ರಮ ಇದೇ.

ಮೊದಲನೆಯದು: ಜಗಳವಿರುವ ಪ್ರಶ್ನೆ ಹಿಡಿಯಿರಿ

"ನೀರಿನ ಮಹತ್ವ" ಎಂಬುದರ ಮೇಲೆ ವಾದ ಕಟ್ಟಲು ಆಗುವುದಿಲ್ಲ, ನೀರಿಗೆ ಮಹತ್ವವಿಲ್ಲ ಎನ್ನುವವರು ಯಾರೂ ಇಲ್ಲವಲ್ಲ. ನಿಮ್ಮ ವಿಷಯಕ್ಕೆ ಒಂದು ಪರೀಕ್ಷೆ ಮಾಡಿ. ಇದಕ್ಕೆ "ಇಲ್ಲ" ಎನ್ನುವ ಬುದ್ಧಿವಂತರು ನಿಮ್ಮ ಊರಿನಲ್ಲಿ ಇದ್ದಾರೆಯೇ? ಇದ್ದರೆ ವಿಷಯ ಸಿಕ್ಕಿತು.

ಮೈಸೂರಿನ ಮಕ್ಕಳಿಗೆ ಇಂಥ ಪ್ರಶ್ನೆಗೆ ಬರವಿಲ್ಲ. ದೇವರಾಜ ಮಾರುಕಟ್ಟೆಯ ಕಟ್ಟಡದ ಒಂದು ಭಾಗ 2016ರಲ್ಲಿ ಕುಸಿಯಿತು. ಅದನ್ನು ಕೆಡವಿ ಹೊಸದಾಗಿ ಕಟ್ಟಬೇಕೋ, ಇದ್ದುದನ್ನೇ ದುರಸ್ತಿ ಮಾಡಿ ಉಳಿಸಬೇಕೋ ಎಂದು ಊರೇ ಎರಡಾಗಿ ಮಾತಾಡಿತು. ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಬೇಕೇ ಬೇಡವೇ ಎಂಬುದೂ ಹಾಗೆಯೇ. ಮೆಟ್ಟಿಲು ಹತ್ತಲಾಗದ ಅಜ್ಜಿಯ ಪರವಾಗಿಯೂ ಬರೆಯಬಹುದು, ಬೆಟ್ಟದ ಕಾಡಿನ ಪರವಾಗಿಯೂ ಬರೆಯಬಹುದು. ಮಂಡ್ಯದ ಮಕ್ಕಳು ಬೇಸಿಗೆ ಭತ್ತದ ಬಗ್ಗೆ ಕೇಳಬಹುದು, ಆಲೆಮನೆಯ ಬೆಲ್ಲಕ್ಕೆ ಬಣ್ಣ ಬರಲೆಂದು ರಾಸಾಯನಿಕ ಹಾಕುವುದರ ಬಗ್ಗೆ ಕೇಳಬಹುದು. ಮನೆ ಹತ್ತಿರದ ವಿಷಯವೇ ಇರಲಿ ಎಂದು ನಾನು ಒತ್ತಾಯ ಮಾಡುತ್ತೇನೆ. ಜಾಗತಿಕ ತಾಪಮಾನದ ಬಗ್ಗೆ ಬರೆಯಲು ಕೂತ ಮಗುವಿನ ಹತ್ತಿರ ಯಾರೋ ಹೇಳಿದ ಮಾತಿರುತ್ತದೆ. ತರಗಿನ ಬಗ್ಗೆ ಬರೆಯುವ ಮಗು ಆ ಬೂದಿಯನ್ನು ತಾನೇ ಒರೆಸಿರುತ್ತದೆ.

ಎರಡನೆಯದು: ಒಬ್ಬರನ್ನು ಕಣ್ಣ ಮುಂದೆ ಕೂರಿಸಿಕೊಳ್ಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ: ಪ್ರಬಂಧವನ್ನು ಮೇಷ್ಟರಿಗೆ ಬರೆಯಬೇಡಿ, "ಸಮಾಜ"ಕ್ಕೂ ಬರೆಯಬೇಡಿ. ನಿಮ್ಮ ಮಾತನ್ನು ಒಪ್ಪದ, ಆದರೆ ನೀವು ಗೌರವಿಸುವ ಒಬ್ಬ ಮನುಷ್ಯನಿಗೆ ಬರೆಯಿರಿ.

ಈ ಹುಡುಗಿಗೆ ನಾನು ಕೇಳಿದೆ, "ನಿಮ್ಮ ಮನೆಯ ಗದ್ದೆಯಲ್ಲಿ ತರಗು ಏನು ಮಾಡ್ತಾರಮ್ಮ?" "ಸುಡ್ತಾರೆ ಸಾರ್." "ಯಾರು?" "ನಮ್ಮಪ್ಪ." "ಹಾಗಾದರೆ ಇವತ್ತು ಸಂಜೆ ಹೋಗಿ ಯಾಕೆ ಸುಡ್ತೀರಿ ಅಂತ ಕೇಳು. ಎದುರು ಮಾತಾಡಬೇಡ. ಹೇಳಿದ್ದನ್ನು ಹೇಳಿದ ಹಾಗೇ ಬರ್ಕೊಂಡು ಬಾ."

ಮರುದಿನ ಅವಳ ನೋಟ್‌ಬುಕ್ಕಿನಲ್ಲಿ ಅಪ್ಪನ ಮಾತು ಹೀಗಿತ್ತು: "ಬೆಂಕಿ ಹಾಕುದ್ರೆ ಒಂದ್ ಗಂಟೆ ಕೆಲ್ಸ ಕಣವ್ವ. ತರಗು ಎತ್ತಾಕಕ್ಕೆ ಆಳು ಎಲ್ಲವ್ರೆ? ಹಂಗೇ ಬುಟ್ರೆ ಸಾಲಲ್ಲಿ ನೀರು ಹರಿಯಲ್ಲ, ಇಲಿ ಸೇರ್ಕತವೆ. ಕೂಳೆ ಬ್ಯಾಗ ಚಿಗುರ್ಬೇಕು ಅಂದ್ರೆ ಗದ್ದೆ ಸಾಪಾಗಬೇಕು."

ಈ ನಾಲ್ಕು ವಾಕ್ಯ ನೋಡಿ. ಇಲ್ಲಿ ನಾಲ್ಕು ಕಾರಣಗಳಿವೆ: ಕೂಲಿ, ನೀರು ಹರಿಯುವುದು, ಇಲಿ, ಕೂಳೆಯ (ಕಡಿದ ಕಬ್ಬಿನ ಬುಡದಿಂದಲೇ ಮತ್ತೆ ಬರುವ ಬೆಳೆಯ) ಚಿಗುರು. ಪರಿಸರದ ಮೇಲಿನ ದ್ವೇಷ ಎಲ್ಲೂ ಇಲ್ಲ. ತರಗತಿಯ ಬಹುಪಾಲು ಮಕ್ಕಳು "ರೈತರಿಗೆ ತಿಳಿವಳಿಕೆ ಇಲ್ಲ" ಎಂದು ಬರೆದಿದ್ದರು. ತಿಳಿವಳಿಕೆ ಇಲ್ಲದವರು ಹೀಗೆ ಮಾತಾಡುವುದಿಲ್ಲ. ಈ ಪುಟ ಕೈಗೆ ಬಂದ ಮೇಲೆ ಹುಡುಗಿಯ ಪ್ರಬಂಧದ ದಿಕ್ಕೇ ಬದಲಾಯಿತು, ಈಗ ಅವಳು ಉತ್ತರ ಕೊಡಬೇಕಾದದ್ದು ಆ ನಾಲ್ಕು ಮಾತಿಗೆ.

ಮೂರನೆಯದು: ನಿಲುವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಮತ್ತೆ ಮತ್ತೆ ಬರೆಯಿರಿ

ಅವಳ ಮೊದಲ ವಾಕ್ಯ: "ತರಗು ಸುಡುವುದು ತುಂಬಾ ಕೆಟ್ಟದ್ದು." ಇದು ಬೈಗುಳ, ನಿಲುವಲ್ಲ.

ಎರಡನೆಯ ವಾಕ್ಯ: "ರೈತರು ಕಬ್ಬಿನ ತರಗನ್ನು ಸುಡಬಾರದು." ನಿಲುವು ಇದೆ, ಕಾರಣವಿಲ್ಲ. ಸುಡದೆ ಏನು ಮಾಡಬೇಕು ಎಂಬುದೂ ಇಲ್ಲ.

ಮೂರನೆಯದು: "ಕೂಳೆ ಬಿಡುವ ಗದ್ದೆಯಲ್ಲಿ ತರಗನ್ನು ಸುಡದೆ ಸಾಲು ಬಿಟ್ಟು ಸಾಲಿಗೆ ಹರಡಿದರೆ, ನಾಲೆಗೆ ನೀರು ಬಾರದ ದಿನಗಳಲ್ಲಿ ಬೆಳೆ ಬೇಗ ಬಾಡುವುದಿಲ್ಲ, ಈ ಲಾಭ ತರಗು ಹರಡುವ ಕೂಲಿಗಿಂತ ದೊಡ್ಡದು."

ಮೂರನೆಯ ವಾಕ್ಯ ಎಷ್ಟು ಚಿಕ್ಕದಾಗಿದೆ ನೋಡಿ. ಪದಗಳ ಲೆಕ್ಕದಲ್ಲಿ ಉದ್ದವೇ, ಆದರೆ ಕೇಳುವುದು ಕಡಿಮೆ. ಎಲ್ಲ ರೈತರಿಗೆ ಹೇಳುತ್ತಿಲ್ಲ, ಕೂಳೆ ಬಿಡುವವರಿಗೆ ಮಾತ್ರ. ಎಲ್ಲ ಲಾಭವನ್ನೂ ಹೇಳುತ್ತಿಲ್ಲ, ನೀರಿನದನ್ನು ಮಾತ್ರ. ಕೂಲಿಯ ಖರ್ಚನ್ನು ಅಡಗಿಸಿಲ್ಲ. ಕೇಳುವುದು ಕಡಿಮೆಯಾದಷ್ಟೂ ಒಪ್ಪಿಸುವುದು ಸುಲಭ.

ಈ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದು ಬರೆಯುವ ಮೇಜಿನ ಮೇಲೆ ಅಂಟಿಸಿಕೊಳ್ಳಿ. ಪ್ರಬಂಧದ ಯಾವ ಪ್ಯಾರಾ ಆ ಚೀಟಿಗೆ ಸಂಬಂಧಪಡುವುದಿಲ್ಲವೋ ಅದು ಎಷ್ಟೇ ಚೆನ್ನಾಗಿದ್ದರೂ ತೆಗೆಯಬೇಕು.

ನಾಲ್ಕನೆಯದು: ಕಾರಣದಿಂದ ತೀರ್ಮಾನಕ್ಕೆ ಸೇತುವೆ ಇದೆಯೇ ನೋಡಿ

ನಮ್ಮ ನ್ಯಾಯಶಾಸ್ತ್ರದಲ್ಲಿ ವಾದಕ್ಕೆ ಐದು ಅವಯವಗಳನ್ನು ಹೇಳುತ್ತಾರೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಹೆಸರು ಕೇಳಿ ಹೆದರಬೇಡಿ. ಅದರ ಹಳೆಯ ದೃಷ್ಟಾಂತ ಹೀಗಿದೆ: ಬೆಟ್ಟದಲ್ಲಿ ಬೆಂಕಿ ಇದೆ. ಏಕೆಂದರೆ ಹೊಗೆ ಕಾಣುತ್ತಿದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಾಣುವಂತೆ. ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ.

ಇದನ್ನು ನಾನು ತರಗತಿಯಲ್ಲಿ ಕಿಟಕಿ ತೆಗೆದೇ ಕಲಿಸುತ್ತೇನೆ. ದೂರದ ತೆಂಗಿನ ತೋಟದಾಚೆ ಹೊಗೆ ಏಳುತ್ತಿದೆ. ಒಬ್ಬ ಹುಡುಗ ಹೇಳುತ್ತಾನೆ, "ಅಲ್ಲಿ ಆಲೆಮನೆ ನಡೀತಾ ಇದೆ." ಯಾಕೆ? "ಹೊಗೆ ಬರ್ತಾ ಇದೆಯಲ್ಲ ಸಾರ್." ಈಗ ಉಳಿದವರನ್ನು ಕೇಳುತ್ತೇನೆ, ಈ ಕಾರಣ ಸಾಕೇ? ಕೂಡಲೇ ಇನ್ನೊಬ್ಬ ಏಳುತ್ತಾನೆ: "ಇಲ್ಲ ಸಾರ್, ಯಾರೋ ತರಗು ಸುಡ್ತಾ ಇರಬಹುದು." ಸರಿ. ಹೊಗೆಯಿಂದ ಬೆಂಕಿ ಸಾಬೀತಾಯಿತು, ಆಲೆಮನೆ ಆಗಲಿಲ್ಲ. ಆಲೆಮನೆ ಎನ್ನಬೇಕಾದರೆ ಇನ್ನೇನು ಬೇಕು? ಬೆಳಗಿನಿಂದ ಒಂದೇ ಜಾಗದಲ್ಲಿ ಹೊಗೆ ಏಳುತ್ತಿರಬೇಕು, ಬೆಲ್ಲ ಕಾಯುವ ವಾಸನೆ ಬರಬೇಕು, ಕಬ್ಬು ತುಂಬಿದ ಗಾಡಿ ಆ ಕಡೆಗೆ ಹೋಗುತ್ತಿರಬೇಕು. ಒಂದೊಂದು ಸೇರಿದಾಗಲೂ ಅನುಮಾನ ಅಷ್ಟಷ್ಟು ಕಡಿಮೆಯಾಗುತ್ತದೆ.

ನಿಮ್ಮ ಪ್ರಬಂಧದ ಪ್ರತಿ ಕಾರಣಕ್ಕೂ ಇದೇ ಪ್ರಶ್ನೆ ಹಾಕಿ: ನನ್ನ ಹೊಗೆ ನಿಜವಾಗಿ ಆಲೆಮನೆಯದೋ, ಅಥವಾ ಬೇರೆ ಬೆಂಕಿಯದೂ ಆಗಿರಬಹುದೋ? "ತರಗು ಸುಡಲು ಶುರುಮಾಡಿದ ಮೇಲೆ ಊರಿನಲ್ಲಿ ಕೆಮ್ಮು ಹೆಚ್ಚಿದೆ" ಎಂದು ಒಬ್ಬ ಬರೆದಿದ್ದ. ಕಬ್ಬು ಕಡಿಯುವ ಕಾಲವೂ ಚಳಿಗಾಲವೂ ಒಂದರ ಮೇಲೊಂದು ಬರುತ್ತವೆ, ಕೆಮ್ಮು ಚಳಿಯದೂ ಆಗಿರಬಹುದು. ಹೊಗೆ ಉಸಿರಾಟಕ್ಕೆ ಕೆಟ್ಟದ್ದೆಂಬುದು ನಿಜ, ಆದರೆ ಅವನು ಕೊಟ್ಟ ಕಾರಣ ಅದನ್ನು ತೋರಿಸುತ್ತಿರಲಿಲ್ಲ.

ಗಾದೆಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂದು ಮಕ್ಕಳು ಗಾದೆಯನ್ನೇ ಸಾಕ್ಷಿಯಾಗಿ ಕೊಡುತ್ತಾರೆ. "ಕೈ ಕೆಸರಾದರೆ ಬಾಯಿ ಮೊಸರು" ಎಂದು ನೀವು ಹೇಳಿದರೆ ಎದುರಿನವರು "ಹಣೆಬರಹಕ್ಕೆ ಹೊಣೆ ಯಾರು" ಎನ್ನುತ್ತಾರೆ. ಸಾಬೀತಾದ ಮಾತನ್ನು ಓದುಗರ ನೆನಪಿನಲ್ಲಿ ನಿಲ್ಲಿಸಲು ಗಾದೆ ಬಳಸಿ. ಸಾಬೀತು ಮಾಡುವ ಕೆಲಸವನ್ನು ಅದಕ್ಕೆ ಹೊರಿಸಬೇಡಿ.

ಐದನೆಯದು: ಅಂಕಿಯನ್ನು ಮನೆಯ ಲೆಕ್ಕಕ್ಕೆ ತನ್ನಿ

ಈ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹುಡುಗಿಯ ಪ್ರಬಂಧ ಒಮ್ಮೆ ಬಿದ್ದು ಎದ್ದದ್ದು ಇಲ್ಲೇ.

ಮಾಹಿತಿ ಎಲ್ಲಿ ಸಿಗುತ್ತದೆ? ಪಾಠಪುಸ್ತಕ, ಗ್ರಂಥಾಲಯ, ದಿನಪತ್ರಿಕೆಯ ಕೃಷಿ ಪುಟ ಇವೆ. ಮಂಡ್ಯದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲವಿದೆ: ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ಇಲ್ಲೇ ಇದೆ, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಮಕ್ಕಳು ಹೋಗಿ ಕೇಳಿದರೆ ಹೇಳುವವರು ಇದ್ದಾರೆ. ಮೊಬೈಲಿನಲ್ಲಿ ಹುಡುಕುವುದಾದರೆ ಯಾರು ಬರೆದದ್ದು, ಯಾವಾಗ ಬರೆದದ್ದು, ಯಾವ ಪ್ರದೇಶದ ಮಾತು ಎಂದು ಮೂರನ್ನೂ ನೋಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಂಕಿಯ ಮೂಲ ಸಿಗದಿದ್ದರೆ ಬಳಸಬೇಡಿ.

ಅವಳು ಕಲೆಹಾಕಿದ್ದು ಹೀಗಿತ್ತು. ಒಂದು ಎಕರೆ ಕಬ್ಬು ಕಡಿದರೆ ಸುಮಾರು 3ರಿಂದ 4 ಟನ್ ಒಣ ತರಗು ಉಳಿಯುತ್ತದೆ. ಅದರಲ್ಲಿ ಸಾರಜನಕ ಸುಮಾರು ಶೇ 0.4ರಷ್ಟು. ಸುಟ್ಟರೆ ಆ ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ.

ಇಷ್ಟನ್ನೇ ಬರೆದು ಅವಳು ಮುಂದೆ ಹೋಗಲಿದ್ದಳು. "ಶೇ 0.4 ಅಂದರೆ ನಿಮ್ಮಪ್ಪನಿಗೆ ಏನು ಗೊತ್ತಾಗುತ್ತೆ? ಅವರಿಗೆ ಗೊತ್ತಿರೋ ಅಳತೆಗೆ ತಾ" ಎಂದೆ. ಕಪ್ಪುಹಲಗೆಯ ಮೇಲೆ ಇಬ್ಬರೂ ಲೆಕ್ಕ ಹಾಕಿದೆವು. 3 ಟನ್ ತರಗು ಎಂದರೆ 3,000 ಕೆ.ಜಿ. ಅದರ ಶೇ 0.4 ಎಂದರೆ 12 ಕೆ.ಜಿ. ಸಾರಜನಕ. ಯೂರಿಯಾದಲ್ಲಿ ಸಾರಜನಕ ಶೇ 46, 45 ಕೆ.ಜಿ.ಯ ಒಂದು ಮೂಟೆಯಲ್ಲಿ 20.7 ಕೆ.ಜಿ. ಅಂದರೆ ಎಕರೆ ತರಗು ಸುಟ್ಟರೆ ಅರ್ಧ ಮೂಟೆಗಿಂತ ತುಸು ಹೆಚ್ಚು ಯೂರಿಯಾ ಸುಟ್ಟಂತೆ.

ಅವಳ ಮುಖ ಅರಳಿತು. ಅಪ್ಪನಿಗೆ ಶೇಕಡಾವಾರು ಗೊತ್ತಿಲ್ಲದಿದ್ದರೂ ಯೂರಿಯಾ ಮೂಟೆ ಗೊತ್ತು. ಆದರೆ ಅದೇ ಸಂಜೆ ಅಪ್ಪ ಆ ಲೆಕ್ಕವನ್ನು ಒಂದೇ ಮಾತಿನಲ್ಲಿ ಮುರಿದರು. ಸಬ್ಸಿಡಿಯಲ್ಲಿ ಯೂರಿಯಾ ಮೂಟೆಗೆ ಸುಮಾರು 266 ರೂಪಾಯಿ. ಅರ್ಧ ಮೂಟೆ ಚಿಲ್ಲರೆ ಎಂದರೆ 150 ರೂಪಾಯಿಯ ಆಸುಪಾಸು. "ಅದ್ರಲ್ಲಿ ಒಂದಾಳೂ ಬರಲ್ಲ ಕಣವ್ವ" ಅಂದರಂತೆ.

ಮರುದಿನ ಅವಳು ಆ ಪ್ಯಾರಾವನ್ನೇ ಹರಿಯಲು ಬಂದಳು. ನಾನು ಹರಿಯಲು ಬಿಡಲಿಲ್ಲ. ಲೆಕ್ಕ ಸರಿಯಾಗಿಯೇ ಇದೆ. ಅದು ತೋರಿಸಿದ್ದೇನೆಂದರೆ ಗೊಬ್ಬರದ ಕಾರಣ ಒಂಟಿಯಾಗಿ ನಿಲ್ಲುವಷ್ಟು ಗಟ್ಟಿಯಲ್ಲ ಎಂದು. ಇದನ್ನು ತಿಳಿಯುವುದೂ ಪ್ರಬಂಧ ಬರೆಯುವುದರ ಭಾಗವೇ. ಬಲಹೀನ ಕಾರಣವನ್ನು ಜೋರು ದನಿಯಲ್ಲಿ ಹೇಳುವ ಬದಲು ಗಟ್ಟಿ ಕಾರಣ ಹುಡುಕಬೇಕು.

ಗಟ್ಟಿ ಕಾರಣ ಅವರ ಗದ್ದೆಯಲ್ಲೇ ಇತ್ತು. ಬೇಸಿಗೆಯಲ್ಲಿ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ, ಇಷ್ಟು ದಿನ ನೀರು, ಇಷ್ಟು ದಿನ ನಿಲುಗಡೆ. ನಿಂತ ದಿನಗಳಲ್ಲಿ ಎಳೆ ಕೂಳೆ ಬಾಡುತ್ತದೆ. ಮಣ್ಣಿನ ಮೇಲೆ ತರಗಿನ ಹೊದಿಕೆ ಇದ್ದರೆ ಬಿಸಿಲು ನೇರವಾಗಿ ತಾಗುವುದಿಲ್ಲ, ತೇವ ಹೆಚ್ಚು ದಿನ ನಿಲ್ಲುತ್ತದೆ, ಕಳೆಯೂ ಕಡಿಮೆ. 2023ರಲ್ಲಿ ಮುಂಗಾರು ಕೈಕೊಟ್ಟು ಕೃಷ್ಣರಾಜಸಾಗರ ತನ್ನ ಗರಿಷ್ಠ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ಆ ವರ್ಷ ನೀರಿಗೆ ಪಟ್ಟ ಪಾಡು ಅಪ್ಪನಿಗೆ ನೆನಪಿಸುವುದೇ ಬೇಡ. ನೀರನ್ನು ಅಪ್ಪ ದುಡ್ಡು ಕೊಟ್ಟು ಅಂಗಡಿಯಿಂದ ತರಲು ಆಗುವುದಿಲ್ಲ. ಹಾಗಾಗಿ ನೀರು ಮುಖ್ಯ ಕಾರಣವಾಯಿತು, ಯೂರಿಯಾ ಅದರ ಹಿಂದೆ ಒಂದು ಚಿಕ್ಕ ಪ್ಯಾರಾ ಆಗಿ ಉಳಿಯಿತು.

ಇನ್ನೊಂದು ಎಚ್ಚರಿಕೆ. ಅವಳ ಮೊದಲ ಕರಡಿನಲ್ಲಿ "ಸುಟ್ಟರೆ ಎಲ್ಲ ಪೋಷಕಾಂಶಗಳೂ ನಾಶವಾಗುತ್ತವೆ" ಎಂದಿತ್ತು. ಪೊಟ್ಯಾಷ್ ಬಹುಮಟ್ಟಿಗೆ ಬೂದಿಯಲ್ಲೇ ಉಳಿಯುತ್ತದೆ, ಬೂದಿ ಗೊಬ್ಬರವೆಂದು ನಮ್ಮಜ್ಜಿಯರಿಗೂ ಗೊತ್ತಿತ್ತು. "ಎಲ್ಲ" ಎಂಬ ಒಂದೇ ಪದ ಹಿಡಿದು ಎದುರಿನವರು ನಿಮ್ಮ ಇಡೀ ಪ್ರಬಂಧವನ್ನು ತಳ್ಳಿಹಾಕಬಹುದು. "ಎಲ್ಲ", "ಯಾವಾಗಲೂ", "ಯಾರೂ", "ಖಂಡಿತ" ಈ ಪದಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಒಂದೊಂದನ್ನೂ ನಿಜವೇ ಎಂದು ಕೇಳಿ.

ಆರನೆಯದು: ಪೂರ್ವಪಕ್ಷವನ್ನು ಪ್ರೀತಿಯಿಂದ ಬರೆಯಿರಿ

ಎದುರಿನವರ ವಾದವನ್ನು ಮೊದಲು ಹೇಳಿ, ಆಮೇಲೆ ನಮ್ಮ ಉತ್ತರ ಹೇಳುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ. ಶಾಸ್ತ್ರಗ್ರಂಥಗಳಲ್ಲಿ ಅದಕ್ಕೆ ಪೂರ್ವಪಕ್ಷ ಎನ್ನುತ್ತಾರೆ. ಉತ್ತರ ಆಮೇಲೆ ಬರುತ್ತದೆ, ಸಿದ್ಧಾಂತವಾಗಿ. ಶಾಲಾ ಪ್ರಬಂಧದಲ್ಲಿ ಮಕ್ಕಳು ಇದನ್ನು ಬಿಟ್ಟೇಬಿಡುತ್ತಾರೆ, ಅಥವಾ "ಕೆಲವರು ಹೀಗೂ ಹೇಳುತ್ತಾರೆ, ಆದರೆ ಅದು ತಪ್ಪು" ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಾನು ಮೌಲ್ಯಮಾಪನ ಮಾಡುವಾಗ ಮೊದಲು ಹುಡುಕುವುದೇ ಈ ಪ್ಯಾರಾವನ್ನು.

ಪರೀಕ್ಷೆ ಸರಳ: ನೀವು ಬರೆದ ಪೂರ್ವಪಕ್ಷವನ್ನು ಎದುರಿನವರಿಗೆ ಓದಿ ಹೇಳಿ. "ಹ್ಞೂಂ, ನಾನು ಹೇಳೋದು ಇದನ್ನೇ" ಎಂದು ಅವರು ತಲೆಯಾಡಿಸಬೇಕು. ಅಲ್ಲಿಯವರೆಗೆ ಉತ್ತರ ಬರೆಯಲು ಹೋಗಬೇಡಿ. ಅವಳು ಬರೆದದ್ದು ಇದು:

"ನಮ್ಮಪ್ಪ ತರಗು ಸುಡುತ್ತಾರೆ. ಅವರಿಗೆ ಬೇರೆ ದಾರಿ ಕಡಿಮೆ. ಕಬ್ಬು ಕಡಿದ ವಾರದೊಳಗೆ ಕೂಳೆಗೆ ನೀರು ಕೊಡಬೇಕು. ಆ ವಾರ ಊರಿನಲ್ಲಿ ಎಲ್ಲರ ಗದ್ದೆಯಲ್ಲೂ ಕೆಲಸ ಇರುವುದರಿಂದ ಆಳು ಸಿಗುವುದಿಲ್ಲ. ತರಗು ಹಾಗೇ ಬಿದ್ದಿದ್ದರೆ ಸಾಲಿನಲ್ಲಿ ನೀರು ಮುಂದಕ್ಕೆ ಹೋಗುವುದಿಲ್ಲ, ಇಲಿ ಸೇರುತ್ತದೆ. ಒಂದು ಬೆಂಕಿಕಡ್ಡಿಯಿಂದ ಈ ಮೂರೂ ತೊಂದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ."

ಇದನ್ನು ಓದಿದಾಗ ಒಂದು ಕ್ಷಣ ನಾನೂ ಅಪ್ಪನ ಕಡೆಗೆ ವಾಲಿದೆ. ವಾಲಬೇಕು. ಆಮೇಲೆ ಬರುವ ಉತ್ತರಕ್ಕೆ ತೂಕ ಬರುವುದು ಅದರಿಂದಲೇ.

ಉತ್ತರದಲ್ಲಿ ಮೂರು ಬಗೆ ಉಂಟು. ಕೆಲವು ಆಕ್ಷೇಪವನ್ನು ಪೂರ್ತಿ ಒಪ್ಪಬೇಕು: ಆಳು ಸಿಗುವುದು ಕಷ್ಟ, ಇದು ನಿಜ. ಕೆಲವಕ್ಕೆ ಪರಿಹಾರ ತೋರಿಸಬೇಕು: ತರಗನ್ನು ಎಲ್ಲ ಸಾಲಿಗೂ ಹಾಕದೆ ಒಂದು ಸಾಲು ಬಿಟ್ಟು ಇನ್ನೊಂದು ಸಾಲಿಗೆ ಸೇರಿಸಿದರೆ ಖಾಲಿ ಸಾಲಿನಲ್ಲಿ ನೀರು ಸಲೀಸಾಗಿ ಹರಿಯುತ್ತದೆ, ಟ್ರ್ಯಾಕ್ಟರಿಗೆ ಕಟ್ಟುವ, ತರಗು ಪುಡಿ ಮಾಡುವ ಯಂತ್ರವನ್ನು ನಾಲ್ಕು ಮನೆಯವರು ಸೇರಿ ಬಾಡಿಗೆಗೆ ತರಬಹುದು, ಹರಡಿದ ತರಗಿಗೆ ಸ್ವಲ್ಪ ಯೂರಿಯಾ, ಕೊಳೆಸುವ ಸೂಕ್ಷ್ಮಜೀವಿಗಳ ಕಲ್ಚರ್ ಹಾಕಿ ತೇವ ಮಾಡಿದರೆ ಬೇಗ ಕೊಳೆಯುತ್ತದೆ. ಇನ್ನು ಕೆಲವನ್ನು ತಿರುಗಿ ತೂಗಬೇಕು: ಒಂದು ಗಂಟೆಯಲ್ಲಿ ಮುಗಿಯುವುದು ನಿಜ, ಆದರೆ ಆ ಗಂಟೆಯಲ್ಲಿ ಗಾಳಿ ತಿರುಗಿದರೆ ಪಕ್ಕದವರ ನಿಂತ ಕಬ್ಬಿಗೆ ಬೆಂಕಿ ಹೊತ್ತುತ್ತದೆ, ಆ ನಷ್ಟಕ್ಕೆ ಯಾರು ಹೊಣೆ?

ಇಲಿಯ ಮಾತಿಗೆ ಅವಳ ಹತ್ತಿರ ಒಳ್ಳೆಯ ಉತ್ತರವಿರಲಿಲ್ಲ. "ಇಲಿಯ ಕಾಟ ಹೆಚ್ಚಬಹುದು ಎಂಬ ಅಪ್ಪನ ಮಾತನ್ನು ನಾನು ಅಲ್ಲಗಳೆಯಲಾರೆ" ಎಂದು ಬರೆದಳು. ಇಡೀ ಪ್ರಬಂಧದಲ್ಲಿ ನನಗೆ ಅತ್ಯಂತ ಹಿಡಿಸಿದ ವಾಕ್ಯ ಅದು.

ಆಕ್ಷೇಪಕ್ಕೆ ನೇರ ಉತ್ತರ ಕೊಡುವುದು ಎಂದರೇನು ಎಂಬುದಕ್ಕೆ ನಮ್ಮ ಕಟ್ಟೆಯೇ ದೊಡ್ಡ ಪಾಠ. ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ಯೋಜನೆಯನ್ನು ವಿಶ್ವೇಶ್ವರಯ್ಯನವರು ಮುಂದಿಟ್ಟಾಗ ಮೈಸೂರು ಸಂಸ್ಥಾನದ ಹಣಕಾಸು ಇಲಾಖೆ ಒಪ್ಪಲಿಲ್ಲ. ಅಷ್ಟು ವಿದ್ಯುತ್ತಿಗೆ ಬೇಡಿಕೆಯೇ ಇಲ್ಲ ಎಂಬುದು ಆಕ್ಷೇಪ. ಅವರು ದಿವಾನ್ ಆನಂದರಾಯರ ಬಳಿ, ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ಮರುಪರಿಶೀಲನೆ ಕೋರಿದರು, 1911ರಲ್ಲಿ ಒಪ್ಪಿಗೆ ಸಿಕ್ಕಿತು. ಆ ಜಾಗದಲ್ಲಿ ನೀವಿದ್ದಿದ್ದರೆ ಏನು ಬರೆಯುತ್ತಿದ್ದಿರಿ ಎಂದು ಮಕ್ಕಳನ್ನು ಕೇಳುತ್ತೇನೆ. "ರೈತರಿಗೆ ನೀರು ಕೊಡುವುದು ಪುಣ್ಯದ ಕೆಲಸ" ಎಂದು ಹತ್ತು ಪುಟ ಬರೆದರೂ ವಿದ್ಯುತ್ತಿನ ಆಕ್ಷೇಪ ಹಾಗೇ ಉಳಿಯುತ್ತದೆ. ಬೇಡಿಕೆ ಎಲ್ಲಿದೆ ಎಂದು ತೋರಿಸಬೇಕು. ಶಿವನಸಮುದ್ರದ ವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಿಂದಲೇ ವಿದ್ಯುತ್ ಹೋಗುತ್ತಿತ್ತು, ಹೊಳೆ ಸೊರಗುವ ತಿಂಗಳುಗಳಲ್ಲಿ ಆ ಕೇಂದ್ರಕ್ಕೆ ನೀರು ಸಾಲದು, ಮೇಲೆ ಕಟ್ಟೆ ಇದ್ದರೆ ಸಾಲುತ್ತದೆ. ಎದುರಿನವರು ಕೇಳಿದ ಪ್ರಶ್ನೆಗೆ ಸಲ್ಲುವ ಉತ್ತರ ಎಂದರೆ ಇಂಥದು.

ಏಳನೆಯದು: ಚೌಕಟ್ಟು

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಭಾಗ ಪರೀಕ್ಷೆಯಲ್ಲಿ ಕೇಳುತ್ತಾರೆ, ಕೊಡಿ. ವಾದಕ್ಕೆ ಅದೇನೂ ಅಡ್ಡಿಯಲ್ಲ.

ಪೀಠಿಕೆ ನಾಲ್ಕೈದು ವಾಕ್ಯ ಸಾಕು. ವಿಷಯದ ವ್ಯಾಖ್ಯಾನ ಬೇಡ, ಓದುಗರಿಗೆ ಗೊತ್ತಿರುವ ಒಂದು ದೃಶ್ಯ, ಅದರೊಳಗಿನ ಪ್ರಶ್ನೆ, ನಿಮ್ಮ ಚೀಟಿಯ ಮೇಲಿನ ನಿಲುವು. ಅವಳ ಮೊದಲ ವಾಕ್ಯ "ನನ್ನ ಕನ್ನಡ ನೋಟ್‌ಬುಕ್ಕಿನ ಮೂವತ್ತನೇ ಪುಟದಲ್ಲಿ ನಮ್ಮ ಗದ್ದೆಯ ಬೂದಿ ಇದೆ" ಎಂದಿತ್ತು.

ನಡುವಿನ ಭಾಗಕ್ಕೆ ಅವಳು ಹಿಡಿದ ಕ್ರಮ: ಮೊದಲು ಪೂರ್ವಪಕ್ಷ, ಆಮೇಲೆ ನೀರಿನ ಕಾರಣ, ಆಮೇಲೆ ಅಪ್ಪನ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ, ಕೊನೆಗೆ ಯೂರಿಯಾ ಲೆಕ್ಕ ಮತ್ತು ಪಕ್ಕದ ಗದ್ದೆಯ ಬೆಂಕಿ. ಎದುರಿನವರು ಮೊದಲೇ ಸಿಟ್ಟಾಗುವಂಥ ವಿಷಯವಾದರೆ ಹೀಗೆ ಅವರ ಮಾತಿನಿಂದಲೇ ಶುರುಮಾಡುವುದು ಒಳ್ಳೆಯದು. ವಿಷಯದ ಬಗ್ಗೆ ಓದುಗರಿಗೆ ಇನ್ನೂ ಅಭಿಪ್ರಾಯವೇ ಇಲ್ಲದಿದ್ದರೆ ನಿಮ್ಮ ಗಟ್ಟಿ ಕಾರಣ ಮೊದಲು ಬರಲಿ, ಪೂರ್ವಪಕ್ಷ ಆಮೇಲೆ ಬರಲಿ. ಒಂದು ಪ್ಯಾರಾಕ್ಕೆ ಒಂದೇ ಕಾರಣ. ಪ್ಯಾರಾದ ಮೊದಲ ವಾಕ್ಯಗಳನ್ನಷ್ಟೇ ಸಾಲಾಗಿ ಓದಿದರೂ ವಾದ ಅರ್ಥವಾಗಬೇಕು.

ಉಪಸಂಹಾರದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಬೇಡಿ. ಓದುಗರು ನಾಳೆ ಬೆಳಗ್ಗೆ ಮಾಡಬಹುದಾದ ಒಂದು ಚಿಕ್ಕ ಕೆಲಸ ಕೇಳಿ.

ಪರೀಕ್ಷೆಯಲ್ಲಿ ಇಷ್ಟಕ್ಕೆಲ್ಲ ಸಮಯವಿರುವುದಿಲ್ಲ. ಅಲ್ಲಿ ಮೂರು ನಿಮಿಷ ತೆಗೆದು ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ನಿಲುವು, ಎರಡು ಕಾರಣ, ಒಂದು ಆಕ್ಷೇಪ, ಅದರ ಉತ್ತರ, ಇಷ್ಟನ್ನು ಪದಗಳಲ್ಲಿ ಗುರುತು ಹಾಕಿಕೊಂಡು ಬರೆಯಲು ಶುರುಮಾಡಿ.

ಎಂಟನೆಯದು: ಭಾಷೆ

"ತರಗನ್ನು ಸುಡಲಾಗುತ್ತದೆ, ಕ್ರಮ ಕೈಗೊಳ್ಳಲಾಗುವುದು" ಎಂಬ ವಾಕ್ಯಗಳನ್ನು ಮಕ್ಕಳು ಪತ್ರಿಕೆಗಳಿಂದ ಕಲಿತಿರುತ್ತಾರೆ. ಯಾರು ಸುಡುವುದು? ಯಾರು ಕ್ರಮ ಕೈಗೊಳ್ಳುವುದು? ಕರ್ತೃವನ್ನು ಬಚ್ಚಿಡುವ ವಾಕ್ಯದಲ್ಲಿ ಹೊಣೆಯೂ ಬಚ್ಚಿಟ್ಟುಕೊಳ್ಳುತ್ತದೆ. "ನಾವು ಸುಡುತ್ತೇವೆ" ಎಂದು ಬರೆಯಿರಿ. ಅವಳು "ರೈತರು" ಎಂದಿದ್ದ ಕಡೆಯೆಲ್ಲ "ನಾವು" ಎಂದು ತಿದ್ದಿದಳು. ಬೈಯುವ ದನಿ ಅಷ್ಟರಿಂದಲೇ ಮಾಯವಾಯಿತು.

ಪ್ರತಿ ವಾಕ್ಯವೂ "ಬೇಕು" ಎಂದು ಮುಗಿದರೆ ಅದು ಉಪದೇಶವಾಗುತ್ತದೆ. ನಿಮ್ಮ ಪ್ರಬಂಧದಲ್ಲಿ ಎಷ್ಟು "ಬೇಕು" ಇವೆ ಎಣಿಸಿ, ಮೂರಕ್ಕಿಂತ ಹೆಚ್ಚಿದ್ದರೆ ಉಳಿದವನ್ನು ಕಾರಣಗಳಾಗಿ ಬದಲಿಸಿ. "ಏಕೆಂದರೆ", "ಆದ್ದರಿಂದ", "ಹಾಗಿದ್ದರೂ", "ಒಂದು ವೇಳೆ" ಇವು ವಾದದ ಕೀಲುಗಳು. ಆದರೆ ಹಿಂದಿನ ವಾಕ್ಯದಿಂದ ಮುಂದಿನದು ನಿಜವಾಗಿ ಹುಟ್ಟದಿದ್ದರೆ "ಆದ್ದರಿಂದ" ಎಂದು ಹಾಕಿ ಓದುಗರನ್ನು ನಂಬಿಸಲು ಆಗುವುದಿಲ್ಲ.

ಊರಿನ ಪದಗಳಿಗೆ ನಾಚಿಕೊಳ್ಳಬೇಡಿ. ತರಗು, ಕೂಳೆ, ಕಟ್ಟು, ಆಲೆಮನೆ, ಇವುಗಳ ಜಾಗಕ್ಕೆ "ಕೃಷಿ ತ್ಯಾಜ್ಯ" ಎಂಬಂಥ ಪದ ತಂದ ಕೂಡಲೇ ಅಪ್ಪ ಆ ಪ್ರಬಂಧದಿಂದ ಹೊರಗೆ ಹೋಗುತ್ತಾರೆ.

ಒಂಬತ್ತನೆಯದು: ಗಟ್ಟಿಯಾಗಿ ಓದಿ, ಒಪ್ಪದವರಿಗೇ ಓದಿ

ಕರಡನ್ನು ಒಂದು ರಾತ್ರಿ ಮುಚ್ಚಿಡಿ. ಮರುದಿನ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸುವ ಕಡೆ ವಾಕ್ಯ ಮುರಿಯಿರಿ. ನಿಮಗೇ ಸಂಕೋಚವಾಗುವ ಕಡೆ ನೀವು ಉತ್ಪ್ರೇಕ್ಷೆ ಮಾಡಿರುತ್ತೀರಿ. ಕಾಗುಣಿತ, ಲೇಖನ ಚಿಹ್ನೆ ಎಲ್ಲ ಕೊನೆಗೆ ನೋಡಿದರೆ ಸಾಕು.

ಆಮೇಲೆ, ಯಾರಿಗೆಂದು ಬರೆದಿರೋ ಅವರಿಗೆ ಓದಿ ಹೇಳಿ. ಅವರು ಎಲ್ಲಿ ಅಡ್ಡ ಬಾಯಿ ಹಾಕಿದರು, ಎಲ್ಲಿ ಸುಮ್ಮನಾದರು ಎಂದು ಅಂಚಿನಲ್ಲಿ ಗುರುತು ಮಾಡಿಕೊಳ್ಳಿ. ಅಡ್ಡ ಬಾಯಿ ಹಾಕಿದ ಕಡೆಯೆಲ್ಲ ನಿಮಗಿನ್ನೂ ಕೆಲಸ ಉಳಿದಿದೆ.

ಆ ಹುಡುಗಿ ಮೂರನೆಯ ಕರಡನ್ನು ಜಗಲಿಯ ಮೇಲೆ ಕೂತು ಅಪ್ಪನಿಗೆ ಓದಿದಳಂತೆ. ಇಲಿಯ ವಾಕ್ಯದ ಹತ್ತಿರ ಅವರು ನಕ್ಕರಂತೆ. ನೀರಿನ ಪ್ಯಾರಾದಲ್ಲಿ ಏನೂ ಮಾತಾಡಲಿಲ್ಲ. ಕೊನೆಯಲ್ಲಿ ಅವಳು ಕೇಳಿದ್ದು ಇಡೀ ಗದ್ದೆಯನ್ನಲ್ಲ, ನಾಲೆಯಿಂದ ದೂರದ, ನೀರು ಕೊನೆಗೆ ಮುಟ್ಟುವ ಹತ್ತು ಗುಂಟೆಯನ್ನು. ಅಲ್ಲಿ ಮಾತ್ರ ಈ ವರ್ಷ ಬೆಂಕಿ ಹಾಕಬೇಡಿ, ಎರಡು ಕಟ್ಟು ನೋಡೋಣ ಎಂದು.

"ಹತ್ತು ಗುಂಟೆ ತರಗು ಕೊಳೆಯಕ್ಕೆ ಆ ಕಲ್ಚರ್ ಎಷ್ಟು ಬೇಕು?" ಎಂದು ಅಪ್ಪ ಕೇಳಿದರಂತೆ. ಅದನ್ನು ಅವಳು ಬರೆದಿರಲಿಲ್ಲ. ಸೋಮವಾರ ಶಾಲೆಗೆ ಬರುವ ಮುಂಚೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿಕೊಂಡು ಬಂದು, ನನ್ನ ಮೇಜಿನ ಪಕ್ಕದಲ್ಲೇ ನಿಂತು, ಉಪಸಂಹಾರದ ಕೆಳಗೆ ಒಂದು ಸಾಲು ಸೇರಿಸಿದಳು.